ಅಜ್ಜನ ಎಂಜಿನ್ ನಂಬರ್

ಹೋದ ಶನಿವಾರ ಕೀತ್ಲಿ ನಿಲ್ದಾಣದಲ್ಲಿ ನನ್ನ ಮಾನ ಹೋಯಿತು. ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ ಅದು. ಅಲ್ಲಿಂದ ಆಕ್ಸನ್‌ಹೋಪ್‌ವರೆಗೆ ಎಂಟು ಕಿಲೋಮೀಟರ್ ಉಗಿಬಂಡಿ ಓಡುತ್ತದೆ. ಎಪ್ಪತ್ತು ದಾಟಿದ ಹಿರಿಯರೊಬ್ಬರು ಎಣ್ಣೆ ಬಟ್ಟೆ ಹಿಡಿದು ಎಂಜಿನ್ನಿನ ಹಿತ್ತಾಳೆ ಉಜ್ಜುತ್ತಿದ್ದರು. ನಾನು ಸುಮ್ಮನಿರಬೇಕಿತ್ತು. ‘ನಮ್ಮಜ್ಜ ಹುಬ್ಬಳ್ಳಿಯಲ್ಲಿ ಫೈರ್‌ಮನ್ ಆಗಿದ್ದ, ಕ್ಯಾಸಲ್‌ರಾಕ್ ಘಟ್ಟದಲ್ಲಿ ಕಲ್ಲಿದ್ದಲು ಎರಚಿದವನು’ ಎಂದು ಜಂಬ ಕೊಚ್ಚಿದೆ. ಅವರ ಮುಖ ಅರಳಿತು. ಜೇಬಿನಿಂದ ಪುಟ್ಟ ನೋಟ್‌ಬುಕ್ ಹೊರಬಂತು.

‘ಮೀಟರ್ ಗೇಜ್ ಅಲ್ಲವೇ? ಯಾವ ದರ್ಜೆಯ ಎಂಜಿನ್? ನಂಬರ್ ಎಷ್ಟು?’

‘ಕಪ್ಪು ಬಣ್ಣದ್ದು’ ಎಂದೆ.

ಅವರು ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. ಊರಿನ ಹೆಸರು ಬರೆದುಕೊಂಡು, ನಂಬರಿನ ಜಾಗವನ್ನು ಖಾಲಿ ಬಿಟ್ಟು, ಮುಂದಿನ ಸಲ ಬಂದಾಗ ಹೇಳಿ ಎಂದರು.

ಈ ಮಾರ್ಗವನ್ನು ಸರ್ಕಾರಿ ರೈಲ್ವೆ 1962ರಲ್ಲಿ ಮುಚ್ಚಿತ್ತು. ಸುತ್ತಲಿನ ಜನ ಸಂಘ ಕಟ್ಟಿ, ಹಣ ಕೂಡಿಸಿ, 1968ರ ಜೂನ್‌ನಲ್ಲಿ ಮತ್ತೆ ಗಾಡಿ ಓಡಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ದೇಶದ ಮುಖ್ಯ ರೈಲ್ವೆ ಉಗಿ ಎಂಜಿನ್ನುಗಳಿಗೆ ವಿದಾಯ ಹೇಳಿತು. ಅತ್ತ ಒಲೆ ಆರುವ ಹೊತ್ತಿಗೆ ಇತ್ತ ಹೊತ್ತಿಸಿಕೊಂಡಿದ್ದರು! ಇಂದಿಗೂ ಹೆಚ್ಚಿನ ಕೆಲಸ ಸಂಬಳವಿಲ್ಲದವರದೇ. ನಸುಕಿನಲ್ಲಿ ಬಂದು ಬೆಂಕಿ ಹಾಕಿದರೆ ಉಗಿ ಏರುವುದಕ್ಕೆ ಗಂಟೆಗಟ್ಟಲೆ ಬೇಕು. ಹೊಸಬರಿಗೆ ಮೊದಲು ಒರೆಸುವ ಕೆಲಸ, ಆಮೇಲೆ ಫೈರ್‌ಮನ್, ವರ್ಷಗಳು ಕಳೆದ ಮೇಲೆ ಡ್ರೈವರ್. ನಮ್ಮಜ್ಜನೂ ಕ್ಲೀನರ್ ಆಗಿಯೇ ಸೇರಿದ್ದು. ಅವನು ಹೊಟ್ಟೆಪಾಡಿಗೆ ಏರಿದ ಮೆಟ್ಟಿಲನ್ನು ಇಲ್ಲಿ ನಿವೃತ್ತ ಮೇಷ್ಟರುಗಳು ಖುಷಿಗೆ ಏರುತ್ತಾರೆ.

ಎಂಜಿನ್ನುಗಳನ್ನು ಗುಜರಿಯವನಿಂದಲೂ ಬಿಡಿಸಿಕೊಂಡು ಬಂದ ಜನ ಈ ದೇಶದ ಉಗಿಬಂಡಿ ಅಭಿಮಾನಿಗಳು. ವೇಲ್ಸ್‌ನ ಬ್ಯಾರಿ ಎಂಬ ಊರಿನ ಗುಜರಿ ಅಂಗಳದಲ್ಲಿ ತುಕ್ಕು ಹಿಡಿಯುತ್ತಿದ್ದ 213 ಎಂಜಿನ್ನುಗಳನ್ನು ಒಂದೊಂದಾಗಿ ಕೊಂಡು ಉಳಿಸಿದ್ದಾರೆ. ನಮ್ಮ ಮನೆಯಲ್ಲಿ ಅಜ್ಜನ ಕೈದೀಪವೊಂದಿತ್ತು, ಒಂದು ಕಡೆ ಕೆಂಪು, ಒಂದು ಕಡೆ ಹಸಿರು ಗಾಜಿನದು. ಒಂದು ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಹಳೇ ಸ್ಟೋವಿನ ಜೊತೆ ಅದನ್ನೂ ತೂಕಕ್ಕೆ ಹಾಕಿದೆವು. ಬಂದ ದುಡ್ಡಿಗೆ ಗಿರ್ಮಿಟ್ ತಿಂದ ನೆನಪು ನನಗೆ ಚೆನ್ನಾಗಿದೆ.

ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆ, ಹುಬ್ಬಳ್ಳಿಯಲ್ಲೂ 2020ರಲ್ಲಿ ಆಯಿತು, ಸಂತೋಷ. ಆದರೆ ಅಲ್ಲಿ ನಾವು ಮಾಡುವುದೇನು? ಮಕ್ಕಳನ್ನು ಎಂಜಿನ್ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಹೊಗೆ ಉಗುಳುವ ಗಾಡಿಯನ್ನೇ ಹತ್ತಬೇಕೆಂದರೆ ಮೆಟ್ಟುಪಾಳ್ಯಂಗೆ ಹೋಗಿ ಊಟಿಯ ಗಾಡಿ ಹಿಡಿಯಬೇಕು. ನಮಗೆ ಹಳೆಯದು ಒಂದೋ ದೇವರು, ಇಲ್ಲವೋ ಗುಜರಿ. ವಾರಕ್ಕೊಮ್ಮೆ ಎಣ್ಣೆ ಹಾಕಿ ಒರೆಸುವ ವಸ್ತುವಂತೂ ಅಲ್ಲ.

ಈ ಸಿಟ್ಟಿನಲ್ಲೇ ಕಾಕಾಗೆ ಫೋನ್ ಮಾಡಿದೆ. ಅಜ್ಜನ ಎಂಜಿನ್ ನಂಬರ್ ಎಂದ ಕೂಡಲೇ ಅವರು, ‘ಯಾಕೆ, ಪೆನ್ಶನ್ ಏನಾದರೂ ಬಾಕಿ ಇದೆಯೇ?’ ಎಂದರು. ಅಲ್ಲ, ಇಲ್ಲಿಯವರು ಕೇಳುತ್ತಿದ್ದಾರೆ ಎಂದೆ. ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: ‘ಆ ಘಟ್ಟ ಗೊತ್ತಲ್ಲ ನಿನಗೆ. ಮೂವತ್ತೇಳು ಅಡಿ ಹೋದರೆ ಒಂದಡಿ ಏರು. ಸುರಂಗದೊಳಗೆ ಹೊಗೆ ಹೊರಗೆ ಹೋಗಲು ಜಾಗವಿರಲಿಲ್ಲ. ಹಸಿ ಟವೆಲ್ಲನ್ನು ಮೂಗಿಗೆ ಒತ್ತಿ ಹಿಡಿದು ಒಂದೇ ಕೈಯಲ್ಲಿ ಕಲ್ಲಿದ್ದಲು ಎಳೆಯುತ್ತಿದ್ದ ನಿಮ್ಮಜ್ಜ. ಡೀಸೆಲ್‌ಗೆ ಹಾಕಿದ ದಿನ ಇಡೀ ಕ್ವಾರ್ಟರ್ಸ್‌ಗೆ ಧಾರವಾಡ ಪೇಡೆ ಹಂಚಿದ.’

ಇದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ. ದೂಧಸಾಗರದ ಜಲಪಾತವನ್ನು ದಿನವೂ ನೋಡಿದವನು ಎಂದು ಅಜ್ಜನ ಬಗ್ಗೆ ಹೊಟ್ಟೆಕಿಚ್ಚುಪಟ್ಟವನು ನಾನು. ಅವನು ನೋಡಿದ್ದು ಒಲೆಯ ಬಾಯಿಯನ್ನೇ ಇರಬೇಕು.

ಇನ್ನೊಂದು ಮಾತನ್ನೂ ಒಪ್ಪಿಬಿಡುತ್ತೇನೆ. ಆಕ್ಸನ್‌ಹೋಪ್ ಗಾಡಿಯಲ್ಲಿ ನಮ್ಮೊಡನೆ ಕೂತವರಲ್ಲಿ ಯಾರಿಗೂ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಕೊನೆಯ ನಿಲ್ದಾಣದಲ್ಲಿ ಇಳಿದೆವು, ಚಹಾ ಕುಡಿದೆವು, ಅದೇ ಗಾಡಿಯಲ್ಲಿ ಮರಳಿದೆವು. ಸುಡುವ ಕಲ್ಲಿದ್ದಲನ್ನೂ ಈಗ ಬೇರೆ ದೇಶಗಳಿಂದ ತರಿಸುತ್ತಾರಂತೆ. ನಮ್ಮಲ್ಲಿ ಪ್ಯಾಸೆಂಜರ್ ಗಾಡಿಗೆ ಅಭಿಮಾನಿಗಳ ಸಂಘ ಬೇಕಾಗಿಲ್ಲ. ಕೊರೊನಾ ಕಾಲದಲ್ಲಿ ಅದರ ಕನಿಷ್ಠ ದರ ಹತ್ತರಿಂದ ಮೂವತ್ತು ರೂಪಾಯಿಗೆ ಏರಿದಾಗ ಬೈದವರೆಲ್ಲ ಅದರಲ್ಲಿ ದಿನವೂ ಓಡಾಡುವವರೇ. 2024ರಲ್ಲಿ ಮತ್ತೆ ಹತ್ತಕ್ಕೆ ಇಳಿಯಿತು. ಕಳೆದ ಬಾರಿ ಊರಿಗೆ ಹೋದಾಗ ಧಾರವಾಡದಲ್ಲಿ ಹತ್ತಿದ್ದೆ. ಅಳ್ನಾವರ ಬರುವಷ್ಟರಲ್ಲಿ ಎದುರಿನ ಅಜ್ಜಿ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೈಗೆ ಕೊಟ್ಟು, ನಿನ್ನ ಸಂಬಳವೆಷ್ಟು ಎಂದೂ ಕೇಳಿದ್ದರು. ಆ ಗಾಡಿಯ ಎಂಜಿನ್ ನಂಬರನ್ನೂ ನಾನು ನೋಡಲಿಲ್ಲ.

ಬರುವ ಶನಿವಾರ ಒರೆಸುವ ಕೆಲಸಕ್ಕೆ ಬರುತ್ತೇನೆಂದು ಕೀತ್ಲಿಯ ಹಿರಿಯರಿಗೆ ಮಾತು ಕೊಟ್ಟಿದ್ದೇನೆ. ನೋಟ್‌ಬುಕ್ ತೆಗೆದೇ ತೆಗೆಯುತ್ತಾರೆ. ಪೇಡೆಯ ಕಥೆ ಕೇಳಿದರೆ ಅವರಿಗೆ ನನಗಿಂತ ಹೆಚ್ಚು ನೋವಾದೀತು.