ಪೂಜೆಗೊಂದು ಹೊಸ ಹಾಡು

ಕೋಲ್ಕತ್ತಾಕ್ಕೆ ಬಂದ ಮೊದಲ ವರ್ಷ. ನಮ್ಮ ಓಣಿಯ ದುರ್ಗಾಪೂಜೆಯ ಪೆಂಡಾಲಿನಲ್ಲಿ ಬೆಳಗಿನಿಂದ ಒಂದೇ ದನಿ ಕೇಳಿಸುತ್ತಿತ್ತು. ದನಿ ಗುರುತಿನದು, ಹಿಂದಿ ಸಿನಿಮಾಗಳ ಗಾಯಕ ಮನ್ನಾ ಡೇ ಅವರದು. ಹಾಡು ಮಾತ್ರ ಒಂದೂ ಗೊತ್ತಿರಲಿಲ್ಲ. ಯಾವ ಸಿನಿಮಾದ್ದು ಅಂತ ಪಕ್ಕದ ಮನೆಯ ಹಿರಿಯರನ್ನು ಕೇಳಿದೆ. "ಸಿನಿಮಾದ್ದಲ್ಲಪ್ಪ, ಪುಜೋರ್ ಗಾನ್" ಅಂದರು. ಅಂದರೆ ಪೂಜೆಯ ಹಾಡು.

ಅವತ್ತು ಸಂಜೆ ಅವರು ಟ್ರಂಕಿನಿಂದ ಒಂದು ಪುಸ್ತಿಕೆ ತೆಗೆದು ತೋರಿಸಿದರು. ಹೆಸರು 'ಶಾರದ ಅರ್ಘ್ಯ'. ಪ್ರತಿವರ್ಷ ಪೂಜೆಗೆ ಬರುವ ಹೊಸ ಹಾಡುಗಳ ಸಾಹಿತ್ಯವನ್ನು ಎಚ್‌ಎಂವಿ ರೆಕಾರ್ಡ್ ಕಂಪನಿ ಹೀಗೆ ಅಚ್ಚು ಹಾಕಿಸುತ್ತಿತ್ತು. ಹಾಳೆ ಹಳದಿಯಾಗಿತ್ತು, ಪಿನ್ನು ತುಕ್ಕು ಹಿಡಿದಿತ್ತು. ಕೆಲವು ಹಾಡುಗಳ ಪಕ್ಕ ಪೆನ್ಸಿಲ್ ಗುರುತು. ಅವರ ಹೆಂಡತಿ ಹಾಕಿದ್ದಂತೆ. ದುಡ್ಡು ಕೂಡಿದಂತೆ ಆ ರೆಕಾರ್ಡುಗಳನ್ನು ಒಂದೊಂದಾಗಿ ಕೊಂಡರಂತೆ. ಮನ್ನಾ ಡೇ ಹೆಸರಿನ ಪಕ್ಕ ಗುರುತು ಎರಡು ಸಲ ತಿದ್ದಿತ್ತು.

ಮನ್ನಾ ಡೇ ಹುಟ್ಟಿದ್ದು 1919ರಲ್ಲಿ, ಇದೇ ಊರಲ್ಲಿ. ಹುಡುಗನಾಗಿದ್ದಾಗ ಕುಸ್ತಿಯ ಹುಚ್ಚು, ಗೋಬರ್ ಗುಹಾ ಅವರ ಗರಡಿಯಲ್ಲಿ ಪಟ್ಟು ಕಲಿತವರು. ಸಂಗೀತದ ಮೊದಲ ಪಾಠ ಚಿಕ್ಕಪ್ಪ ಕೃಷ್ಣಚಂದ್ರ ಡೇ ಅವರಿಂದ. ಕಣ್ಣು ಕಾಣದ ಆ ದೊಡ್ಡ ಗಾಯಕನ ಜೊತೆ 1942ರಲ್ಲಿ ಬೊಂಬಾಯಿಗೆ ಹೋದರು. ಅಲ್ಲಿ ಅರ್ಧ ಶತಮಾನ ಇದ್ದರು.

ಅಲ್ಲಿ ಅವರಿಗೆ ಸಿಕ್ಕಿದ್ದೇನು? ಶಾಸ್ತ್ರೀಯ ಹಾಡು ಇದ್ದರೆ ಮನ್ನಾ ಡೇಯನ್ನು ಕರೆಯಿರಿ. ಮುದುಕನ ಪಾತ್ರ, ಫಕೀರನ ಪಾತ್ರ, ಮೆಹಮೂದ್ ಅವರ ಹಾಸ್ಯ ಇದ್ದರೆ ಕರೆಯಿರಿ. ನಾಯಕನ ಪ್ರೇಮಗೀತೆ ಜಾಸ್ತಿ ರಫಿ, ಮುಕೇಶ್, ಕಿಶೋರ್ ಅವರಿಗೇ ಹೋಗುತ್ತಿತ್ತು. 1956ರ 'ಬಸಂತ್ ಬಹಾರ್' ಚಿತ್ರದ ಹಾಡಿನ ಪಂದ್ಯದಲ್ಲಿ ನಮ್ಮ ಗದಗದ ಭೀಮಸೇನ ಜೋಶಿಯವರ ಎದುರು ಹಾಡಿ ಗೆಲ್ಲಬೇಕು ಅಂದಾಗ ಹೆದರಿ ಊರು ಬಿಡುವ ಯೋಚನೆ ಮಾಡಿದ್ದರು. ಹೆಂಡತಿ ಸುಲೋಚನಾ ಧೈರ್ಯ ಹೇಳಿದರು. ಹಾಡಿದರು. ಆ ಹಾಡು ಇವತ್ತಿಗೂ ಉಳಿದಿದೆ. ಆದರೂ ಹಿಂದಿ ಕೇಳುಗರಿಗೆ ಅವರು ಮೊದಲ ಹೆಸರಾಗಲಿಲ್ಲ.

ಬಂಗಾಳದಲ್ಲಿ ಹಾಗಲ್ಲ. ಇಲ್ಲಿ ಅವರೇ ನಾಯಕ. 1967ರ 'ಆಂಟನಿ ಫಿರಿಂಗಿ' ಸಿನಿಮಾದಲ್ಲಿ ಬಂಗಾಳಿ ನಟ ಉತ್ತಮ್ ಕುಮಾರ್‌ಗೆ ಹಾಡಿದ್ದು ಒಂದು ಕಾರಣ ನಿಜ. ನನಗೆ ಕಾಣುವ ದೊಡ್ಡ ಕಾರಣ ಈ ಪೂಜೆಯ ಹಾಡುಗಳು. ಸಿನಿಮಾ ಇಲ್ಲ, ನಟನಿಲ್ಲ. ಒಬ್ಬ ಕವಿ, ಒಬ್ಬ ಸಂಗೀತಗಾರ, ಒಂದು ಗಂಟಲು. ಪುಲಕ್ ಬಂದ್ಯೋಪಾಧ್ಯಾಯ ಬರೆದುಕೊಟ್ಟಿದ್ದನ್ನು ಅವರು ಹಾಡಿದರೆ ಊರೆಲ್ಲ ಬಾಯಿಪಾಠ. ಹೇಮಂತ್ ಮುಖರ್ಜಿ, ಕಿಶೋರ್ ಕುಮಾರ್ ಕೂಡ ಬೊಂಬಾಯಿಯಲ್ಲಿದ್ದುಕೊಂಡೇ ಪೂಜೆಗೆ ಬಂಗಾಳಿಯಲ್ಲಿ ಹಾಡಿದವರು. ಊರು ಬಿಟ್ಟ ಮಗ ಹಬ್ಬಕ್ಕೆ ಬಟ್ಟೆ ಕಳಿಸಿದ ಹಾಗೆ. ಊರು ಬಿಟ್ಟಿರುವ ನನಗೆ ಇದು ಎದೆಗೆ ತಾಕುತ್ತದೆ.

ನಮ್ಮಲ್ಲಿ ಭಾವಗೀತೆ ಇಲ್ವಾ? ಖಂಡಿತ ಇದೆ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಅಶ್ವತ್ಥ್ ಕಟ್ಟಿದ ಮನೆ ಅದು. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದ ಮೇಲೆ ನಿಸಾರರ ಸಾಲು ಮನೆಮನೆಗೂ ಹೋಯಿತು. ಕವಿತೆಯ ತೂಕದಲ್ಲಿ ನಮ್ಮದು ಒಂದು ಕೈ ಮೇಲೆ ಅಂತಲೇ ನನ್ನ ನಂಬಿಕೆ. ಬೇಂದ್ರೆ, ಕೆಎಸ್‌ನ, ಜಿಎಸ್‌ಎಸ್ ಬರೆದಿದ್ದನ್ನೇ ನಾವು ಹಾಡಿಕೊಂಡೆವು. ಇನ್ನೊಂದು ಮಾತೂ ಹೇಳಬೇಕು. ಕಾಕಿನಾಡದ ಪಿ.ಬಿ. ಶ್ರೀನಿವಾಸ್, ನೆಲ್ಲೂರಿನ ಬಾಲಸುಬ್ರಹ್ಮಣ್ಯಂ ಅವರನ್ನು ನಮ್ಮವರೇ ಅಂತ ಅಪ್ಪಿಕೊಂಡ ಮನಸ್ಸು ಕನ್ನಡದ್ದು. ಆ ಹೆಮ್ಮೆ ನನಗೆ ಸದಾ ಇದೆ.

ಆದರೆ ನಮಗೆ ಹಾಡಿಗೊಂದು ಋತು ಇಲ್ಲ. ಈ ಹಬ್ಬಕ್ಕೆ ಹೊಸ ಹಾಡು ಯಾವುದು ಅಂತ ಕಾಯುವ ರೂಢಿ ಇಲ್ಲ. ನವೆಂಬರ್ ಬಂದರೆ ಹಳೆಯ ಹಾಡುಗಳನ್ನೇ ಮತ್ತೆ ಹಾಕುತ್ತೇವೆ. ಬಂಗಾಳದಲ್ಲೂ ಆ ರೂಢಿ ಈಗ ಸೊರಗಿದೆ, ಸುಳ್ಳು ಯಾಕೆ ಹೇಳಲಿ. ಆದರೂ ದಶಕಗಳ ಕಾಲ ಅದು ಹಾಡುಗಾರನಿಗೆ ಸಿನಿಮಾದ ಹಂಗಿಲ್ಲದ ಒಂದು ನೆಲೆ ಕೊಟ್ಟಿತು. ನಮ್ಮ ರಾಜ್ಯೋತ್ಸವಕ್ಕೆ ಪ್ರತಿವರ್ಷ ಹತ್ತು ಹೊಸ ಭಾವಗೀತೆ ಬಂದರೆ ಹೇಗಿರುತ್ತೆ! ಹೊರನಾಡ ಕನ್ನಡ ಸಂಘಗಳೇ ಇದನ್ನು ಶುರು ಮಾಡಬಹುದು. ಊರ ನೆನಪು ನಮಗೇ ಅಲ್ವಾ ಜಾಸ್ತಿ?

ಮನ್ನಾ ಡೇ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನ ಕಲ್ಯಾಣನಗರದಲ್ಲಿ. ಕನ್ನಡದಲ್ಲೂ ಹಾಡಿದವರು ಅವರು. 2007ರ ಫಾಲ್ಕೆ ಪ್ರಶಸ್ತಿ ಬಂದಾಗಲೂ ಅಲ್ಲೇ ಇದ್ದರು. 2012ರ ಜನವರಿಯಲ್ಲಿ ಸುಲೋಚನಾ ಹೋದರು. 2013ರ ಅಕ್ಟೋಬರ್ 24ರಂದು, 94ನೇ ವಯಸ್ಸಿನಲ್ಲಿ, ಇವರೂ ಹೋದರು. ಅಂತ್ಯಕ್ರಿಯೆಯೂ ಬೆಂಗಳೂರಿನಲ್ಲೇ ಆಯಿತು.

ಅವತ್ತಿಗೆ ದಶಮಿ ಕಳೆದು ಹತ್ತು ದಿನ ಆಗಿತ್ತು. ನಮ್ಮ ಓಣಿಯಲ್ಲಿ ಬಿಚ್ಚಿದ ಬಿದಿರು ಇನ್ನೂ ರಾಶಿ ಬಿದ್ದಿತ್ತು. ಯಾರೋ ಮತ್ತೆ ಸ್ಪೀಕರ್ ಕಟ್ಟಿ ಮನ್ನಾ ಡೇ ಹಾಡಿದ ಕಾಫಿ ಹೌಸಿನ ಹಾಡು ಹಾಕಿದರು. ಚದುರಿಹೋದ ಗೆಳೆಯರನ್ನು ಒಬ್ಬೊಬ್ಬರಾಗಿ ನೆನೆಯುವ ಹಾಡು. ಪಕ್ಕದ ಮನೆಯ ಹಿರಿಯರು ಗೇಟಿನ ಹತ್ತಿರ ನಿಂತಿದ್ದರು. ನನ್ನನ್ನು ನೋಡಿ ಕೇಳಿದರು, "ನಿಮ್ಮೂರಲ್ಲೇ ಇದ್ದರಲ್ಲ, ಒಂದು ಸಲವಾದರೂ ಹೋಗಿ ನೋಡಿದ್ರಾ?"

ಇಲ್ಲ ಅಂದೆ. ರಜೆಗೆ ಊರಿಗೆ ಹೋದಾಗೆಲ್ಲ ನಾನು ಇಳಿದುಕೊಳ್ಳುತ್ತಿದ್ದದ್ದು ಅಲ್ಲೇ ಹತ್ತಿರದ ಹೆಣ್ಣೂರಿನಲ್ಲಿ, ಅಕ್ಕನ ಮನೆಯಲ್ಲಿ.