ಟನ್ ಹುಲ್ಲಿಗೆ 1,800 ರೂಪಾಯಿ ಅಂತೆ!

ಭತ್ತದ ಹುಲ್ಲಿನಿಂದ ಪೆಟ್ರೋಲ್‌ಗೆ ಬೆರೆಸೋ ಎಥನಾಲ್, ಹುಲ್ಲಿನಿಂದ ಗ್ಯಾಸ್, ರೈತನಿಗೆ ಡಬಲ್ ಆದಾಯ. ಈ ಭಾಷಣ ಕೇಳಿ ಕೇಳಿ ಸಾಕಾಗಿ ಹೋಗಿದೆ. ಆ ಹುಲ್ಲನ್ನು ಗದ್ದೆಯಿಂದ ಎತ್ತೋರು ಯಾರು? ಎತ್ತೋ ಖರ್ಚು ಯಾರದ್ದು? ಅದನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ನಮ್ಮದು ಗಂಗಾವತಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಗದ್ದೆ. ಇಲ್ಲಿ ಈಗ ಕುಡುಗೋಲು ಹಿಡಿದು ಭತ್ತ ಕೊಯ್ಯೋ ಆಳು ಸಿಗುವುದೇ ಕಷ್ಟ. ಕಟಾವು ಮಷಿನ್ ಬರುತ್ತದೆ, ಕಾಳು ತೆಗೆದು ಹುಲ್ಲನ್ನು ಹಿಂದೆ ಉದುರಿಸಿ ಹೋಗುತ್ತದೆ. ಮೊಣಕಾಲುದ್ದ ಕೂಳೆ ನಿಂತೇ ಇರುತ್ತದೆ. ಎರಡನೇ ಬೆಳೆಗೆ ನೀರು ಬಿಡ್ತಾರೆ ಅಂದರೆ ಅಷ್ಟರೊಳಗೆ ಗದ್ದೆ ಖಾಲಿ ಆಗಬೇಕು. ಅದಕ್ಕೇ ಹುಲ್ಲಿಗೆ ಬೆಂಕಿ ಹಚ್ಚೋದು.

ಹೋದ ಸುಗ್ಗಿಯಲ್ಲಿ ಹುಲ್ಲಿನಿಂದ ಇಂಧನ ಮಾಡೋ ಕಂಪನಿ ಕಡೆಯವನು ಅಂತ ಒಬ್ಬ ಏಜೆಂಟ್ ಬಂದ. ಸುಡಬೇಡಿ, ಟನ್ನಿಗೆ 1,800 ಕೊಡ್ತೇವೆ ಅಂದ. ಸುಡೋದು ನಮಗೇನು ಖುಷಿಯಾ? ಹೊಗೆ ಮೊದಲು ನುಗ್ಗೋದು ನಮ್ಮ ಮನೆಗೇ ಅಲ್ವಾ? ಒಪ್ಪಿಕೊಂಡೆವು. ಆಮೇಲೆ ಒಂದೊಂದೇ ಷರತ್ತು ಹೊರಗೆ ಬಂತು. ಹುಲ್ಲನ್ನು ಮಷಿನ್‌ನಲ್ಲಿ ಬಿಗಿಯಾಗಿ ಸುತ್ತಿ ರೋಲ್ ಮಾಡಿಸೋದು ನೀವೇ. ಲಾರಿ ನಿಲ್ಲೋ ಡಾಂಬರ್ ರಸ್ತೆವರೆಗೆ ಸಾಗಿಸೋದೂ ನೀವೇ. ತೂಕ ಅವರ ಕಾಟಾದಲ್ಲಿ. ತೇವ ಇದ್ದರೆ ಕಡಿತ, ಮಣ್ಣು ಇದ್ದರೆ ಕಡಿತ. ದುಡ್ಡು ಆಮೇಲೆ.

ನೀವೇ ಲೆಕ್ಕ ಹಾಕಿ. ರೋಲ್ ಮಷಿನ್‌ನವನು ರೋಲಿಗೆ 35 ರೂಪಾಯಿ ತಗೊಂಡ. ಒಂದು ರೋಲ್ ಅಬ್ಬಬ್ಬಾ ಅಂದರೆ 20 ಕೆಜಿ. ಟನ್ನಿಗೆ 50 ರೋಲ್. 1,750 ಅಲ್ಲಿಗೇ ಹೋಯಿತು. ಉಳಿದ 50 ರೂಪಾಯಿಯಲ್ಲಿ ಹೊರೋ ಆಳಿಗೆ ಕೂಲಿ ಕೊಡಬೇಕು, ಟ್ರ್ಯಾಕ್ಟರ್‌ಗೆ ಡೀಸೆಲ್ ಹಾಕಬೇಕು.

ಇಷ್ಟಾದರೂ ಲಾರಿ ಹೇಳಿದ ದಿನಕ್ಕೆ ಬರಲಿಲ್ಲ. ನಡುವೆ ಮಳೆ ಹೊಡೆಯಿತು. ಬದುವಿನ ಮೇಲೆ ಪೇರಿಸಿದ್ದ ರೋಲ್ ಬಿಚ್ಚಿದರೆ ಒಳಗೆ ಕಪ್ಪು ಬೂಷ್ಟು, ಮುಗ್ಗಲು ವಾಸನೆ, ಕೈ ಇಟ್ಟರೆ ಬೆಚ್ಚಗೆ ತಾಗುತ್ತಿತ್ತು. ದನಕ್ಕೆ ಹುಲ್ಲು ಬೇಕು ಅಂತ ಕುಷ್ಟಗಿ ಕಡೆಯಿಂದ ಟ್ರ್ಯಾಕ್ಟರ್ ತಂದವರೂ ಮೂಸಿ ನೋಡಿ ವಾಪಸ್ ಹೋದರು. ಏಜೆಂಟ್ ಫೋನ್ ಎತ್ತಲೇ ಇಲ್ಲ.

ಇನ್ನೊಂದು ಸಂಗತಿ ಇದೆ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 25 ಕೆಜಿ ಪೊಟ್ಯಾಷ್, 5 ಕೆಜಿಗೂ ಜಾಸ್ತಿ ಸಾರಜನಕ ಇರುತ್ತದೆ. ಅಂಗಡಿಯಿಂದ ತರೋ 50 ಕೆಜಿ ಪೊಟ್ಯಾಷ್ ಚೀಲದಲ್ಲೂ ಅಸಲು ಸತ್ವ ಇರೋದು 30 ಕೆಜಿ. ಆ ಚೀಲಕ್ಕೆ 1,500 ರೂಪಾಯಿಗೂ ಜಾಸ್ತಿ ಆಗಿದೆ. ಅಂದರೆ ಒಂದು ಟನ್ ಹುಲ್ಲು ಲಾರಿ ಹತ್ತಿದರೆ ಹತ್ತಿರ ಹತ್ತಿರ ಒಂದು ಚೀಲ ಗೊಬ್ಬರವೂ ಜೊತೆಗೇ ಹೋಯಿತು. ಸುಟ್ಟಾಗ ಸಾರಜನಕ ಹಾಳಾದರೂ ಪೊಟ್ಯಾಷ್ ಬಹುಪಾಲು ಬೂದಿಯಲ್ಲಾದರೂ ಉಳಿಯುತ್ತದೆ. ಯಾವ ಕಂಪನಿಯ ಲೆಕ್ಕದಲ್ಲಿ ಇದಕ್ಕೆ ಬೆಲೆ ಇದೆ ಹೇಳಿ?

ಹರಿಯಾಣದ ಪಾಣಿಪತ್‌ನಲ್ಲಿ 2022ರ ಆಗಸ್ಟ್‌ನಲ್ಲಿ ಹುಲ್ಲಿನ ಎಥನಾಲ್ ಘಟಕ ಉದ್ಘಾಟನೆ ಆಯಿತು. ಖರ್ಚು 900 ಕೋಟಿ ರೂಪಾಯಿಗೂ ಮೇಲೆ. ವರ್ಷಕ್ಕೆ 2 ಲಕ್ಷ ಟನ್ ಹುಲ್ಲು, 3 ಕೋಟಿ ಲೀಟರ್ ಎಥನಾಲ್ ಅಂತ ಗುರಿ. ಟನ್ನಿಗೆ 150 ಲೀಟರ್ ಬಿತ್ತು. ಮೆಕ್ಕೆಜೋಳದ ಎಥನಾಲ್‌ಗೆ 2024-25ರಲ್ಲಿ ಲೀಟರಿಗೆ 71.86 ರೂಪಾಯಿ ಇತ್ತು. ಅದೇ ರೇಟು ಹಿಡಿದರೂ ಒಂದು ಟನ್ ಹುಲ್ಲಿನ ಎಥನಾಲ್ 10 ಸಾವಿರ ದಾಟುತ್ತದೆ. ಹುಲ್ಲಿನಿಂದ ಎಥನಾಲ್ ತೆಗೆಯೋದು ಮೆಕ್ಕೆಜೋಳದಷ್ಟು ಸಲೀಸಲ್ಲ, ಗೊತ್ತು. ಹಬೆಯಲ್ಲಿ ಬೇಯಿಸಬೇಕು, ಆಸಿಡ್ ಹಾಕಬೇಕು, ನಾರನ್ನು ಸಕ್ಕರೆಯಾಗಿ ಒಡೆಯೋ ದುಬಾರಿ ಎಂಜೈಮ್ ಬೇಕು, ಹುಲ್ಲಿನಲ್ಲಿರೋ ಮರಳಿನಂಥ ಸಿಲಿಕಾಕ್ಕೆ ಮಷಿನ್ ಸವೆಯುತ್ತದೆ. ಆದರೆ ಅವರ ಕಷ್ಟಕ್ಕೆ ಸರ್ಕಾರ ಇದೆ. ಇಂಥ ಎಥನಾಲ್ ಘಟಕಗಳಿಗೆ ನೆರವು ಕೊಡೋ ಜೀ-ವನ್ ಯೋಜನೆಗೆ ಕೇಂದ್ರದವರು 2019ರಲ್ಲಿ 1,969.50 ಕೋಟಿ ಇಟ್ಟರು. ದೊಡ್ಡ ಘಟಕ ಒಂದಕ್ಕೆ 150 ಕೋಟಿವರೆಗೆ ನೆರವು. ಕಾರ್ಖಾನೆ ಕಾಂಪೌಂಡ್ ಒಳಗಿನ ಕಷ್ಟಕ್ಕೆ ಕೋಟಿಗಟ್ಟಲೆ, ಗದ್ದೆಯಿಂದ ಹುಲ್ಲು ಎತ್ತೋ ಕಷ್ಟ ಮಾತ್ರ ನಮ್ಮ ತಲೆಗೆ.

ಸುಟ್ಟರೆ ಏನಾಗುತ್ತದೆ? ದಿಲ್ಲಿ ಸುತ್ತಮುತ್ತಲಿನ ರಾಜ್ಯಗಳಲ್ಲಿ 2024ರ ನವೆಂಬರ್‌ನಲ್ಲಿ ದಂಡ ದುಪ್ಪಟ್ಟು ಮಾಡಿದರು. 2 ಎಕರೆಗಿಂತ ಕಡಿಮೆ ಇದ್ದವನಿಗೆ 5,000, 5 ಎಕರೆ ಮೇಲಿನವನಿಗೆ 30,000. ದಂಡ ಹಾಕೋವಾಗ ಎಕರೆ ಲೆಕ್ಕ ಇಷ್ಟು ಚೆನ್ನಾಗಿ ಬರುತ್ತದೆ. ಹುಲ್ಲು ಎತ್ತೋ ಖರ್ಚು ಕೊಡಿ ಅಂದರೆ ಯಾಕೆ ಬರಲ್ಲ?

ನಮ್ಮ ಓಣಿಯಲ್ಲಿ ಕೂತು ಮಾತಾಡಿ ಆಗಿದೆ. ಇನ್ನು ಯಾವ ಏಜೆಂಟ್ ಬಂದರೂ ರೋಲ್ ಮಷಿನ್ ಅವನೇ ತರಬೇಕು, ನಮ್ಮ ಕಣ್ಣೆದುರೇ ತೂಕ ಆಗಬೇಕು, ಲಾರಿ ಹೊರಡೋ ಮೊದಲು ದುಡ್ಡು ಕೈಗೆ ಬರಬೇಕು, ಗೊಬ್ಬರದ ಬೆಲೆಯೂ ಸೇರಿರಬೇಕು. ಒಪ್ಪಿದರೆ ಒಯ್ಯಲಿ. ಇಲ್ಲದಿದ್ದರೆ ಟ್ರ್ಯಾಕ್ಟರ್ ಹಿಂದೆ ಮಣ್ಣು ಕಲಸೋ ರೋಟವೇಟರ್ ಹೊಡೆದು ಕೆಸರಿಗೇ ಸೇರಿಸುತ್ತೇವೆ. ಡೀಸೆಲ್ ಜಾಸ್ತಿ ಆದರೂ ಪರವಾಗಿಲ್ಲ.