ಎಳ್ಳಮಾಸಿ ಬಾರದ ವರ್ಷದ ಸಾಧನೆಗಳು

2020ರ ಕ್ಯಾಲೆಂಡರ್ ಯಾರ ಮನೆಯಲ್ಲಾದರೂ ಇನ್ನೂ ಮೊಳೆಗೆ ನೇತಾಡುತ್ತಿದ್ದರೆ ಇಳಿಸಿ ನೋಡಿ. ಆ ವರ್ಷ ನಮ್ಮ ಕಲಬುರಗಿ ಭಾಗದ ಎಳ್ಳಮಾಸಿಯೇ, ಅಂದರೆ ಎಳ್ಳು ಅಮಾವಾಸ್ಯೆಯೇ ಇಲ್ಲ. ಹಿಂದಿನದು 2019ರ ಡಿಸೆಂಬರ್ 26ಕ್ಕೆ ಬಂದು ಸೂರ್ಯಗ್ರಹಣದ ಕೈಗೆ ಸಿಕ್ಕಿತು. ಮುಂದಿನದು 2021ರ ಜನವರಿ 13ಕ್ಕೆ ಹೋಯಿತು. ನಡುವಿನ 2020ಕ್ಕೆ ಫೆಬ್ರುವರಿ 29 ಸೇರಿ 366 ದಿನ, ಅದರ ಮೇಲೊಂದು ಅಧಿಕ ಮಾಸ. ಇಷ್ಟಿದ್ದೂ ಹೊಲದಲ್ಲಿ ಕೂತು ಭಜ್ಜಿ, ಸಜ್ಜಿ ಕಡಬು ತಿನ್ನುವ ಒಂದು ಮಧ್ಯಾಹ್ನಕ್ಕೆ ಜಾಗ ಸಾಲಲಿಲ್ಲ. ಪಂಚಾಂಗ ಬಲ್ಲವರು 'ಶಾರ್ವರಿ ಸಂವತ್ಸರದೊಳಗ ಬಂದದ ಬಿಡ್ರಿ' ಎಂದು ಸಮಾಧಾನ ಹೇಳುತ್ತಾರೆ. ಕಲಬುರಗಿ, ಬೀದರ್, ಯಾದಗಿರಿಯ ಹೊಟ್ಟೆಗಳು ಅದನ್ನು ಒಪ್ಪಿಲ್ಲ.

ವರ್ಷವೇನೋ ಜೋರಾಗಿಯೇ ಶುರುವಾಗಿತ್ತು. ಫೆಬ್ರುವರಿ 5, 6, 7ರಂದು ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ, ಎಚ್.ಎಸ್. ವೆಂಕಟೇಶಮೂರ್ತಿ ಅಧ್ಯಕ್ಷರು. 1987ರ ನಂತರ ಮತ್ತೆ ಈ ಊರಿಗೆ ಬಂದ ಸಮ್ಮೇಳನ. ಊಟದ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರಿಗೆ, ಇನ್ನು ಒಂದೂವರೆ ತಿಂಗಳಿಗೆ ಅಂಗಡಿ ಮುಂದೆ ಸುಣ್ಣದ ವೃತ್ತದೊಳಗೆ ನಿಲ್ಲಬೇಕಾಗುತ್ತದೆ ಎಂಬ ಅಂದಾಜು ಎಲ್ಲಿಂದ ಬರಬೇಕು? ಮಾರ್ಚ್ 10ರಂದು ನಮ್ಮ ಊರಿನ ಹಿರಿಯರೊಬ್ಬರು ತೀರಿಕೊಂಡರು. ಅದು ದೇಶದ ಮೊದಲ ಕೊರೊನಾ ಸಾವು ಎಂದು 12ಕ್ಕೆ ಖಚಿತವಾಯಿತು. ಅದರಲ್ಲಿ ನಗುವ ಮಾತೇನೂ ಇಲ್ಲ. ಮಾರ್ಚ್ 25ಕ್ಕೆ ಯುಗಾದಿ. ಲಾಕ್‌ಡೌನಿನ ಮೊದಲ ದಿನವೂ ಅದೇ. ಬೇವು ಮನೆ ಮುಂದೆಯೇ ಸಿಕ್ಕಿತು, ಬೆಲ್ಲಕ್ಕೆ ಪೊಲೀಸರನ್ನು ದಾಟಬೇಕಾಯಿತು.

ಬೇರೆ ವರ್ಷಗಳ ಕೊನೆಗೆ ಜನ ಪ್ರವಾಸ, ಬಡ್ತಿ, ಸೈಟು, ಮಗಳ ಮದುವೆ ಎಂದು ಲೆಕ್ಕ ಹಾಕುತ್ತಾರೆ. ಆ ವರ್ಷ ಇಲ್ಲಿನ ಮನೆಗಳಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು ಇಷ್ಟು: ಕೂಲರ್ ಬಿಚ್ಚಿದ್ದು, ರೊಟ್ಟಿ ಬಡಿದದ್ದು, ಒಬ್ಬರ ತಲೆಗೂದಲು ಇನ್ನೊಬ್ಬರು ಕತ್ತರಿಸಿ ಕೆಡಿಸಿದ್ದು, ಅಕ್ಕಿ-ಬೆಲ್ಲದ ಅನಾರಸ ಕರಿದದ್ದು. ಎಲ್ಲವೂ ಕೆಟ್ಟವು. ಆದರೆ ಯಾವುದೂ ಹಣೆಬರಹದಿಂದ ಕೆಡಲಿಲ್ಲ.

ಮೊದಲ ಮಣೆ ಕೂಲರಿಗೆ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲಿನ ಪಾರಾ 42 ಡಿಗ್ರಿ ದಾಟುವ ಊರಲ್ಲಿ ಪತ್ರಾದ (ತಗಡಿನ) ಕೂಲರ್ ಮನೆಯ ಹಿರಿಯ ಸದಸ್ಯ. ಹೋಳಿ ಮುಗಿಯುತ್ತಲೇ ಅದನ್ನು ಕೆಳಗಿಳಿಸಿ, ಮಿಸ್ತ್ರಿಯನ್ನು ಕರೆಸಿ, ಹುಲ್ಲು ಬದಲಿಸಿ, ಎಣ್ಣೆ ಬಿಡಿಸುವುದು ರೂಢಿ. ಆ ವರ್ಷ ಕೂಲರ್ ಕೆಳಗಿಳಿಯಿತು, ಊರು ಬಾಗಿಲು ಹಾಕಿಕೊಂಡಿತು. ಮಿಸ್ತ್ರಿ ಫೋನಿನಲ್ಲಷ್ಟೇ ಸಿಗುತ್ತಿದ್ದ.

"ಫ್ಯಾನ್ ತಿರುಗ್ತದೇನ್ರಿ?"

"ಇಲ್ಲಪಾ, ಗುಂಯ್ ಅಂತದ."

"ಕಟ್ಟಿಗಿ ತಗೊಂಡು ರೆಕ್ಕಿಗಿ ಒಂದ್ ಸಲ ನೂಕ್ರಿ."

"ಈಗ ತಿರುಗಲತ್ತದ ನೋಡು!"

"ಹಂಗಾದ್ರ ಕಂಡೆನ್ಸರ್ ಹೋಗ್ಯದ."

ಈ ರೋಗನಿರ್ಣಯ ಹತ್ತಕ್ಕೆ ಒಂಬತ್ತು ಸಲ ಸರಿ. ಮೋಟರಿಗೆ ಮೊದಲ ತಳ್ಳು ಕೊಡುವುದು ಕಂಡೆನ್ಸರ್. ಅದು ಸೊರಗಿದರೆ ಕರೆಂಟು ಬಂದರೂ ರೆಕ್ಕೆ ಏಳುವುದಿಲ್ಲ. ಗುಂಯ್ ಎನ್ನುತ್ತಿದ್ದುದನ್ನು ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ, ಆಗ ನೂರು ರೂಪಾಯಿಯ ಕೆಲಸ ಸಾವಿರಕ್ಕೆ ಏರುತ್ತದೆ. ಕಂಡೆನ್ಸರಿನ ಮೈಮೇಲೆ 2.5 ಅಥವಾ 4 ಎಂ.ಎಫ್.ಡಿ. (ಮೈಕ್ರೊಫ್ಯಾರಡ್) ಎಂದು ಅಚ್ಚಾಗಿರುತ್ತದೆ, ಅದೇ ಅಂಕಿಯದನ್ನೇ ಹಾಕಬೇಕು, ವೋಲ್ಟ್ ಹಳೆಯದಕ್ಕಿಂತ ಕಡಿಮೆ ಇರಬಾರದು. ಇಷ್ಟನ್ನು ಮಿಸ್ತ್ರಿ ಹೇಳುತ್ತಿದ್ದ. ಹೇಳದೆ ಬಿಟ್ಟದ್ದು ಮುಂದಿನ ಮಾತು. ಅಂಗಡಿ ಮುಚ್ಚಿದೆಯಲ್ಲ, ಸರಿ, ಪಡಸಾಲೆಯ ಸೀಲಿಂಗ್ ಫ್ಯಾನಿನ 2.5ರದನ್ನು ಕಿತ್ತು 4ರ ಜಾಗಕ್ಕೆ ಹಾಕಿದವರು ಬೇಕಾದಷ್ಟು ಮಂದಿ. ಕೂಲರ್ ತಿರುಗಿತು, ಆದರೆ ಕುಂಟುತ್ತ. ಮೋಟರ್ ಕಾದ ಹಂಚಾಯಿತು. ರಾತ್ರಿ ಹೊತ್ತಿಗೆ ಮನೆಯಲ್ಲಿ ಕೆಟ್ಟವು ಎರಡಾದವು.

ಕಂಡೆನ್ಸರಿಗೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತಿರಬೇಕು. ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟು ಕೂತಿರುತ್ತದೆ. ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನಿಂದ ಎರಡೂ ತುದಿ ಒಮ್ಮೆ ಕೂಡಿಸಿ, ಚಟ್ ಅನ್ನಿಸಿ, ಆಮೇಲೆ ಮುಟ್ಟಬೇಕು. ಇನ್ನು ಪತ್ರಾದ ಮೈ, ಒದ್ದೆ ನೆಲ, ಎರಡೇ ಕಾಲಿನ ಪ್ಲಗ್ – ಈ ಮೂರು ಕೂಡಿದಲ್ಲಿ ತಮಾಷೆ ಮಾಡಬಾರದು. ಮೂರು ಕಾಲಿನ ಪ್ಲಗ್, ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಬೆವರುತ್ತ ಕೂರುವುದೇ ಮೇಲು.

ಎರಡನೆಯ ತಕರಾರು ಪಂಪಿನದು. ನಮ್ಮ ಬೋರ್‌ವೆಲ್ ನೀರಿನ ಗಡಸುತನ ಎಲ್ಲರಿಗೂ ಗೊತ್ತು. ಒಂದು ಬೇಸಿಗೆಗೆ ಪಂಪಿನೊಳಗೆ ನೀರು ತಳ್ಳುವ ಫಿರಕಿಯ ಸುತ್ತ ಬಿಳಿ ಸುಣ್ಣ ಗಟ್ಟಿಯಾಗಿ ಕೂರುತ್ತದೆ. ಸುತ್ತಿಗೆಯಿಂದ ತಟ್ಟಿದವರು ಫಿರಕಿ ಮುರಿದುಕೊಂಡರು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ, ಪಂಪಿನ ಮುಂಭಾಗದ ಮುಚ್ಚಳ ಮತ್ತು ಫಿರಕಿಯನ್ನು ಬಿಚ್ಚಿ ಒಂದು ತಾಸು ನೆನೆಹಾಕಿದರೆ ಸುಣ್ಣ ನೊರೆ ಬಿಟ್ಟು ತಾನಾಗಿ ಕಳಚುತ್ತದೆ. ಹಳೆ ಹಲ್ಲುಜ್ಜುವ ಬ್ರಷ್ ಸಾಕು. ಮೇಲಿನ ನೀರಿನ ಕೊಳವೆಯ ತೂತುಗಳನ್ನು ಸೂಜಿಯಿಂದ ಬಿಡಿಸಬೇಕು. ಒಂದು ಬದಿಯ ಹುಲ್ಲು ಒಣಗಿದ್ದರೆ ಗಾಳಿ ಆ ಬದಿಯಿಂದಲೇ ನುಗ್ಗಿ ಬಿಸಿಯಾಗೇ ಒಳಗೆ ಬರುತ್ತದೆ. ನಲ್ಲಿ ನೀರು ದಿನಾ ಬರದ ಓಣಿಗಳಲ್ಲಿ ಟ್ಯಾಂಕು ಬರಿದಾದದ್ದು ತಿಳಿಯದೆ ಪಂಪು ಸುಟ್ಟವರೂ ಇದ್ದಾರೆ. ತಾನು ಮುಳುಗಿರುವ ನೀರೇ ಪಂಪಿಗೆ ತಂಪು, ಒಣಗಿದರೆ ಅದು ಬದುಕುವುದಿಲ್ಲ.

ಹುಲ್ಲು ಸಿಗದ ಕಾರಣ ನಡೆದ ಪ್ರಯೋಗಗಳು ನನಗೆ ಆ ವರ್ಷದ ನಿಜವಾದ ಸಂಶೋಧನೆ ಅನಿಸುತ್ತವೆ. ತೊಗರಿಯ ಗೋಣಿಚೀಲ ಕಟ್ಟಿದರು. ನೇಯ್ಗೆ ದಟ್ಟ, ಗಾಳಿ ಒಳಗೆ ಬರಲಿಲ್ಲ, ಎಳೆ ಬಿಟ್ಟು ಪಂಪಿಗೆ ಸುತ್ತಿಕೊಂಡಿತು. ಜೋಳದ ಕಣಿಕಿ ತುಂಬಿದರು. ಅದು ನಾಲ್ಕು ದಿನಕ್ಕೆ ಕೊಳೆತು ಮನೆಯೆಲ್ಲ ದನದ ಕೊಟ್ಟಿಗೆಯ ವಾಸನೆ. ಸಡಿಲವಾಗಿ ಬಿಡಿಸಿದ ತೆಂಗಿನ ನಾರು ಮಾತ್ರ ತಕ್ಕಮಟ್ಟಿಗೆ ನಡೆಯಿತು, ಮೊದಲ ಎರಡು ಬಕೆಟ್ ಕೆಂಪು ನೀರು ಚೆಲ್ಲಿದ ಮೇಲೆ.

ಇಷ್ಟೆಲ್ಲ ಸರಿ ಮಾಡಿ, ಕೊನೆಗೆ ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿ 'ತಂಪು ಹೊರಗ ಹೋಗಬಾರದು' ಎಂದು ಕೂತವರ ಮನೆಯಲ್ಲಿ ಒಂದು ತಾಸಿಗೆ ಹಾಸಿಗೆ ಜಿಗುಟಾಯಿತು, ಹಪ್ಪಳ ಮೆತ್ತಗಾಯಿತು. ಕೂಲರ್ ಎ.ಸಿ. ಅಲ್ಲ. ಅದು ಹೊರಗಿನ ಒಣಗಾಳಿಗೆ ನೀರು ಕುಡಿಸಿ ಒಳಗೆ ತಳ್ಳುತ್ತದೆ. ಆ ತೇವದ ಗಾಳಿ ಹೊರಬೀಳಲು ಎದುರಿನ ಕಿಟಕಿ ನಾಲ್ಕು ಬೆರಳಷ್ಟಾದರೂ ತೆರೆದಿರಬೇಕು. ನಮ್ಮ ಮೇ ತಿಂಗಳ ಗಾಳಿ ಒಣಗಿದ್ದಕ್ಕೇ ಇಲ್ಲಿ ಕೂಲರ್ ನಡೆಯುತ್ತದೆ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಅದೇ ಕೂಲರ್ ಹಾಕಿ 'ಇದೇನ್ ಬೆವರಿಸಲತ್ತದ' ಎಂದು ಬೈದರೆ ತಪ್ಪು ಕೂಲರಿನದಲ್ಲ.

ಇನ್ನು ರೊಟ್ಟಿ. ಮನೆಮನೆಗೆ ಬಂದು ರೊಟ್ಟಿ ಮಾಡಿಕೊಡುವ ಅಕ್ಕಂದಿರು ಬರದಾದರು. ಬೆಂಗಳೂರು, ಪುಣೆಯಿಂದ ಲ್ಯಾಪ್‌ಟಾಪ್ ಹೊತ್ತು ಬಂದ ಗಂಡುಮಕ್ಕಳಿಗೆ ಸಂಜೆ ಹೊತ್ತು ಹುಮ್ಮಸ್ಸು ಬಂತು. ಅಡುಗೆಮನೆಯಿಂದ ದಬದಬ ಸದ್ದು ಕೇಳಿ ಒಳಗಿದ್ದ ಆಯಿ ಕೂಗಿ ಕೇಳುವುದು: "ರೊಟ್ಟಿ ಬಡೀಲತ್ತಿ, ಬಾಗಲಾ ಬಡೀಲತ್ತಿ ತಮ್ಮಾ?"

ಬಡಿಯುವವನ ಕೈಯಲ್ಲಿ ಅರ್ಧ ತಪ್ಪಿದ್ದರೆ ಇನ್ನರ್ಧ ಹಿಟ್ಟಿನಲ್ಲಿತ್ತು. ಗಿರಣಿ ಯಾವಾಗ ತೆರೆಯುತ್ತದೋ ಎಂಬ ಹೆದರಿಕೆಗೆ ಜನ ಎರಡು ತಿಂಗಳಿಗಾಗುವಷ್ಟು ಜೋಳ ಒಮ್ಮೆಗೇ ಬೀಸಿಸಿಟ್ಟರು. ಜೋಳದಲ್ಲಿ ಗೋಧಿಯ ಹಾಗೆ ಹಿಗ್ಗುವ ಅಂಟು ಇಲ್ಲ. ಕುದಿಯುವ ನೀರು ಬಿದ್ದಾಗ ಪಿಷ್ಟ ಬೆಂದು ಕೊಡುವ ಜಿಗಿಯಷ್ಟೇ ಆಧಾರ. ಹಿಟ್ಟು ಹಳತಾದಷ್ಟೂ ಜಿಗಿ ಕುಂದುತ್ತದೆ, ಬೇಸಿಗೆಯ ಸೆಕೆಗೆ ಕಹಿಯೂ ಹತ್ತುತ್ತದೆ. ಹೆಚ್ಚೆಂದರೆ ಹದಿನೈದು ದಿನದ್ದು ಬೀಸಿಸಬೇಕು. ಮಾಲದಂಡಿ ಜೋಳವಾದರೂ ಈ ಮಾತು ತಪ್ಪುವುದಿಲ್ಲ.

ಹಳೆ ಹಿಟ್ಟು ಉಳಿದೇಬಿಟ್ಟಿದ್ದರೆ ಹೀಗೆ ಮಾಡಬಹುದು. ಎರಡು ಬಟ್ಟಲು ಹಿಟ್ಟಿಗೆ ಒಂದೂವರೆ ಬಟ್ಟಲು ಎಸರು ಇಟ್ಟು, ಅದರಲ್ಲೇ ಎರಡು ಚಮಚ ಹಿಟ್ಟು ಕದಡಿ ಗಂಜಿಯಾಗುವ ತನಕ ಕುದಿಸಿ. ಒಂದು ಮುಷ್ಟಿ ಉದ್ದಿನ ಹಿಟ್ಟನ್ನು ಒಣಹಿಟ್ಟಿಗೆ ಬೆರೆಸಿ, ನಡುವೆ ಕುಣಿ ಮಾಡಿ ಕುದಿಯುತ್ತಿರುವಾಗಲೇ ಎಸರು ಸುರಿದು ಮೊದಲು ಚಮಚದಲ್ಲಿ ಕಲಸಿ. ಮುಟ್ಟುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ನಾದಬೇಕು. ಇಡೀ ಹಿಟ್ಟನ್ನು ಒಮ್ಮೆಗೇ ನಾದಿಟ್ಟು ಮೊಬೈಲ್ ನೋಡಲು ಹೋದರೆ ಮರಳಿ ಬರುವಷ್ಟರಲ್ಲಿ ಅಂಚು ಸೀಳುತ್ತದೆ. ಒಂದೊಂದು ಉಂಡೆಯನ್ನು ಬಡಿಯುವ ಮುಂಚೆ ಮತ್ತೊಮ್ಮೆ ನಾದಬೇಕು. ರೊಟ್ಟಿ ಬಡಿಯುವ ಕೊಮಣಿಗೆ ಅಂಟಿದರೆ ನೀರು ಹೆಚ್ಚಾಗಿದೆ, ಅಂಚು ಒಡೆದರೆ ನೀರು ಕಡಿಮೆಯಾಗಿದೆ ಅಥವಾ ಕುದಿದಿಲ್ಲ.

ಹಂಚಿನ ಮೇಲೆ ಹಾಕುವಾಗ ಒಣಹಿಟ್ಟಿನ ಮುಖ ಮೇಲೆ ಬರಬೇಕು. ತಕ್ಷಣ ಒದ್ದೆ ಅರಿವೆಯಿಂದ ಆ ಹಿಟ್ಟನ್ನು ಒರೆಸಿ, ನೀರಿನ ಪಸೆ ಆರುವ ಹೊತ್ತಿಗೆ ಸರಿಯಾಗಿ ತಿರುವಬೇಕು. ತಡವಾದರೆ ಮೇಲ್ಮೈ ಬಿರಿಯುತ್ತದೆ, ಬಿರಿದಲ್ಲಿ ಉಗಿ ಸೋರುತ್ತದೆ, ರೊಟ್ಟಿ ಉಬ್ಬುವುದಿಲ್ಲ. ಉಬ್ಬದ್ದನ್ನು 'ನಾ ಖಡಕ್ ರೊಟ್ಟಿನೇ ಮಾಡೀನಿ' ಎಂದು ಸಾಧಿಸಿದವರಿಗೆ ಒಂದು ಮಾತು: ಖಡಕ್ ರೊಟ್ಟಿ ಸೋತ ರೊಟ್ಟಿ ಅಲ್ಲ. ಅದನ್ನು ಇನ್ನೂ ತೆಳ್ಳಗೆ ಬಡಿದು, ಸಣ್ಣ ಉರಿಯಲ್ಲಿ ಅರಿವೆಯಿಂದ ಒತ್ತುತ್ತ ಪಸೆ ಪೂರ್ತಿ ಹೋಗುವವರೆಗೆ ಸುಡಬೇಕು, ಪೂರ್ತಿ ಆರಿದ ಮೇಲೆ ಬುಟ್ಟಿಯಲ್ಲಿ ಅರಿವೆ ಹಾಸಿ ಜೋಡಿಸಬೇಕು. ಬಿಸಿಯಾಗಿದ್ದಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದರೆ ವಾರದೊಳಗೆ ಬೂಷ್ಟು.

ತಲೆಯ ವಿಷಯ ಬೇಗ ಮುಗಿಸೋಣ. ಟ್ರಿಮರಿನ ಹಣಿಗೆಗಳ ಮೇಲೆ 3, 6, 9, 12 ಎಂದು ಬರೆದಿರುವುದು ಮಿಲಿಮೀಟರ್. ದೊಡ್ಡದರಿಂದ ಶುರು ಮಾಡಿ ಇಳಿಯಬೇಕು. 3ರಿಂದ ಶುರು ಮಾಡಿದವರಿಗೆ ಮೇಲೇರುವ ದಾರಿ ಇರುವುದಿಲ್ಲ. ಹಣಿಗೆ ಸರಿಯಾಗಿ ಕಚ್ಚದೆ ನಡುವೆ ಕಳಚಿದರೆ ನೆತ್ತಿಯ ಮೇಲೆ ಸೇಡಂ ರಸ್ತೆಯಷ್ಟು ಅಗಲದ ಪಟ್ಟಿ ಬೀಳುತ್ತದೆ. ಒದ್ದೆ ಕೂದಲಿಗೆ ಮಷೀನು ಹಚ್ಚಬಾರದು, ಎಳೆದು ನೋಯಿಸುತ್ತದೆ. ಆ ವರ್ಷ ಉಪಕಾರ ಮಾಡಿದ್ದು ವಿಡಿಯೊ ಕಾಲ್; ಅದರಲ್ಲಿ ಹಿಂದಲೆ ಕಾಣುವುದಿಲ್ಲ.

ಅಧಿಕ ಮಾಸ ಸೆಪ್ಟೆಂಬರ್ 18ರಿಂದ ಅಕ್ಟೋಬರ್ 16ರ ತನಕ ಇತ್ತು. ಚಾಂದ್ರಮಾನದ ವರ್ಷ 354 ದಿನಗಳದ್ದು. ಪ್ರತಿ ವರ್ಷ ಹನ್ನೊಂದು ದಿನ ಹಿಂದೆ ಬೀಳುವುದನ್ನು ತುಂಬಿಕೊಳ್ಳಲು ಸುಮಾರು 33 ತಿಂಗಳಿಗೊಮ್ಮೆ ಒಂದು ತಿಂಗಳು ಹೆಚ್ಚು. ಹೀಗಾಗಿ ಎಳ್ಳಮಾಸಿಯನ್ನು ಜನವರಿಗೆ ತಳ್ಳಿದ ಅಪರಾಧಿಯೂ ಇದೇ ಮಾಸ. ಮರಾಠಿ ಸೀಮೆಗೆ ಹತ್ತಿದ ನಮ್ಮ ಹಲವು ಮನೆಗಳಲ್ಲಿ ಈ ತಿಂಗಳು ಅಳಿಯನನ್ನು ಕರೆದು 33 ಅನಾರಸ ಕೊಡುವ ಪದ್ಧತಿ. ಆ ವರ್ಷ ಮಿಠಾಯಿ ಅಂಗಡಿಯ ತಿನಿಸು ತರಲು ಹಿಂಜರಿದ ಅತ್ತೆಯರು ತಾವೇ ಕೈ ಹಾಕಿದರು.

ಅಕ್ಕಿಯನ್ನು ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ, ನೆರಳಲ್ಲಿ ಅರಿವೆಯ ಮೇಲೆ ಹರವಬೇಕು. ಮುಟ್ಟಿದರೆ ತಣ್ಣಗಿರಬೇಕು, ಕೈಗೆ ಅಂಟಬಾರದು. ಆಗ ಬೀಸಿ, ಸಣ್ಣ ಜರಡಿ ಹಿಡಿದು, ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲು ಹೆರೆದ ಬೆಲ್ಲ, ಒಂದು ಚಮಚ ತುಪ್ಪ ಸೇರಿಸಿ ಮುದ್ದೆ ಮಾಡಿ ನಾಲ್ಕೈದು ದಿನ ಡಬ್ಬಿಯಲ್ಲಿಡಬೇಕು. ನೀರು ಒಂದು ಹನಿಯೂ ಕೂಡದು. ಖಸಖಸಿಯ ಮೇಲೆ ತಟ್ಟಿ, ಖಸಖಸಿಯ ಮುಖ ಮೇಲಿರುವಂತೆ ಸಣ್ಣ ಉರಿಯ ತುಪ್ಪಕ್ಕೆ ಬಿಡಬೇಕು. ಹೊರಳಿಸುವಂತಿಲ್ಲ, ಮೇಲಿಂದ ಬಿಸಿ ತುಪ್ಪ ಎರಚುತ್ತ ಬೇಯಿಸಬೇಕು.

ಅಕ್ಟೋಬರ್ ನಡುವೆ ಮಳೆ ಹಿಡಿದುಕೊಂಡಿತು. ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳು ನೀರಿಗೆ ಸಿಕ್ಕವು, ಅಲ್ಲಿ ಅನಾರಸದ ನೆನಪು ಯಾರಿಗೂ ಬರಲಿಲ್ಲ. ನೀರು ಮುಟ್ಟದ ಮನೆಗಳಲ್ಲಿ ಅಕ್ಕಿ ಆರಲೊಲ್ಲದು, ಬೆಲ್ಲ ಬೆವರತೊಡಗಿತು. ಹಿಟ್ಟಿನಲ್ಲಿ ಪಸೆ ಹೆಚ್ಚಾದರೆ, ಬೆಲ್ಲ ಹೆಚ್ಚಾದರೆ, ತುಪ್ಪ ಸಾಕಷ್ಟು ಕಾಯದಿದ್ದರೆ ಅನಾರಸ ನಗುತ್ತದೆ. ಅಂದರೆ ತುಪ್ಪಕ್ಕೆ ಬಿದ್ದೊಡನೆ ಬಿಚ್ಚಿಕೊಂಡು ಬಾಣಲೆ ತುಂಬ ಹರಡುತ್ತದೆ. ಮೊದಲನೆಯದು ನಕ್ಕ ಕೂಡಲೇ ನಿಲ್ಲಿಸಿ, ಉಳಿದ ಮುದ್ದೆಗೆ ಎರಡು ಚಮಚ ಒಣ ಅಕ್ಕಿಹಿಟ್ಟು ನಾದಿ ಮತ್ತೆ ಒಂದನ್ನೇ ಬಿಟ್ಟು ನೋಡಬೇಕು. 'ಇದೊಂದೇ ಹಿಂಗಾಗ್ಯದ' ಎಂದು ಮುಂದುವರಿದವರ ಮನೆಯಲ್ಲಿ ಇಡೀ ಬಾಣಲೆ ನಕ್ಕಿತು.

ನಕ್ಕದ್ದನ್ನು ಚೆಲ್ಲುವುದಿಲ್ಲ. ಝಾರಿಯಿಂದ ಎತ್ತಿ, ತುಪ್ಪ ಬಸಿದು, ಆರಿದ ಮೇಲೆ ಪುಡಿ ಮಾಡಿ, ಪುಠಾಣಿ ಹಿಟ್ಟು, ಯಾಲಕ್ಕಿ ಹಾಕಿದರೆ ಉಂಡಿ ಕಟ್ಟಲು ಬರುತ್ತದೆ, ರುಚಿಯೂ ಕೆಟ್ಟದ್ದಲ್ಲ. ಅನಾರಸ ಇಪ್ಪತ್ತಕ್ಕೇ ಮುಗಿದ ಮನೆಗಳಲ್ಲಿ, ಉಳಿದ ಹದಿಮೂರಕ್ಕೆ ಈ ಉಂಡಿ ಲೆಕ್ಕಕ್ಕೆ ಬರ್ತಾವೇನು ಎಂದು ಆಚಾರ್ಯರಿಗೆ ಫೋನು ಹೋಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರಂತೆ: "ಅಳ್ಯಾ ಎಣಸ್ತಾನೇನ್ರಿ?"